‘ಅಡ್ಡ ಬಂದ’ ಅಂತ ಬರೆಯುವ ಮುನ್ನ ಟೇಪು ಹಿಡಿಯಿರಿ

ರಾಜ್ಯ ಪೊಲೀಸ್ ಇಲಾಖೆಯ ಸಂಚಾರ ಮತ್ತು ರಸ್ತೆ ಸುರಕ್ಷತೆ ವಿಭಾಗದ ಮುಖ್ಯಸ್ಥರಿಗೆ, ಹಾಗೂ ಅಪಘಾತ ಪ್ರಕರಣಗಳ ಕಡತ ಹಿಡಿದಿರುವ ಎಲ್ಲ ಠಾಣೆಗಳ ತನಿಖಾಧಿಕಾರಿಗಳಿಗೆ,

ಮಾನ್ಯರೇ,

ಸೈಕಲ್ಲಿಗೆ ಕಾರು ಗುದ್ದಿದ ಐದೇ ನಿಮಿಷಕ್ಕೆ ರಸ್ತೆ ಬದಿಯ ತೀರ್ಪು ಹೊರಬಿದ್ದಿರುತ್ತದೆ: ‘ಸೈಕಲ್‌ನವನೇ ಅಡ್ಡ ಬಂದ.’ ಅದೇ ಸಂಜೆ ಠಾಣೆಯಲ್ಲಿ ಇನ್ನೊಂದು ತೀರ್ಪು ಟೈಪಾಗುತ್ತದೆ: ‘ಕಾರಿನ ಚಾಲಕನು ಅತಿವೇಗ ಮತ್ತು ಅಜಾಗರೂಕತೆಯಿಂದ ಚಾಲನೆ ಮಾಡಿಕೊಂಡು ಬಂದು ಡಿಕ್ಕಿಪಡಿಸಿದ್ದರಿಂದ...’ ಕೆಲವು ದಿನ ಕಳೆದು ಮೋಟಾರು ವಾಹನ ನಿರೀಕ್ಷಕರ ವರದಿ ಬರುತ್ತದೆ: ‘ಅಪಘಾತವು ವಾಹನದ ಯಾಂತ್ರಿಕ ದೋಷದಿಂದ ಸಂಭವಿಸಿರುವುದಿಲ್ಲ.’ ಮೂರು ವಾಕ್ಯ, ಮೂರೂ ಒಂದೇ ಅಚ್ಚಿನವು. ಮೂರರಲ್ಲೂ ಅಳತೆ ಅಂತ ಒಂದೇ ಒಂದು ಅಂಕಿ ಇಲ್ಲ.

ಮೊದಲನೆಯದು ಸವಾರನ ವಿರುದ್ಧ, ಎರಡನೆಯದು ಸವಾರನ ಪರ ಅಂತ ಮೇಲುನೋಟಕ್ಕೆ ಕಾಣುತ್ತದೆ. ನಿಜದಲ್ಲಿ ಎರಡೂ ಸವಾರನಿಗೆ ಮುಳ್ಳೇ. 1998ರಲ್ಲಿ ಕರ್ನಾಟಕ ಸರ್ಕಾರವೇ ಮೇಲ್ಮನವಿ ಹೋಗಿದ್ದ ಒಂದು ಲಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿದೆ. ‘ಹೈ ಸ್ಪೀಡ್’ ಅಂದಮಾತ್ರಕ್ಕೆ ದುಡುಕೂ ಸಾಬೀತಾಗುವುದಿಲ್ಲ, ನಿರ್ಲಕ್ಷ್ಯವೂ ಸಾಬೀತಾಗುವುದಿಲ್ಲ. ಆ ಪ್ರಕರಣದಲ್ಲಿ ಹೈ ಸ್ಪೀಡ್ ಅಂದರೆ ಸುಮಾರು ಎಷ್ಟು ಅಂತ ಒಬ್ಬ ಸಾಕ್ಷಿಯೂ ಹೇಳಿರಲಿಲ್ಲ. ಚಾಲಕ ಬಿಡುಗಡೆಯಾದ. ಇಷ್ಟು ವರ್ಷವಾದರೂ ನಮ್ಮ ದೋಷಾರೋಪಣ ಪಟ್ಟಿಗಳಲ್ಲಿ ಅದೇ ‘ಅತಿವೇಗ’ ಅಂಕಿಯಿಲ್ಲದೆ ಓಡಾಡುತ್ತಿದೆ. ಕ್ರಿಮಿನಲ್ ಕೋರ್ಟಿನಲ್ಲಿ ಆ ಪದ ನಿಲ್ಲುವುದಿಲ್ಲ. ಪರಿಹಾರ ನ್ಯಾಯಮಂಡಳಿಯಲ್ಲಿ ವಿಮಾ ಕಂಪನಿಯ ವಕೀಲರು ‘ಅಡ್ಡ ಬಂದ’ ಎಂಬುದನ್ನು ಎತ್ತಿಕೊಂಡು ಸಹ-ನಿರ್ಲಕ್ಷ್ಯ, ಅಂದರೆ ತಪ್ಪಿನಲ್ಲಿ ಸವಾರನಿಗೂ ಪಾಲಿದೆ ಅನ್ನುತ್ತಾರೆ. 20 ಲಕ್ಷ ಸಿಗಬೇಕಾದ ಕಡೆ ಶೇ. 25 ತಪ್ಪು ಸವಾರನದು ಅಂತಾದರೆ 5 ಲಕ್ಷ ಹೋಯಿತು. ಇಷ್ಟಕ್ಕೂ ಆಧಾರ ಒಂದು ಟೀ ಅಂಗಡಿಯ ಮಾತು.

ಆದ್ದರಿಂದ ನಮ್ಮ ಕೋರಿಕೆ ಸಣ್ಣದು. ಚಾಲಕರನ್ನೆಲ್ಲ ಜೈಲಿಗೆ ಹಾಕಿ ಅಂತಲ್ಲ, ಸೈಕಲ್‌ನವರೆಲ್ಲ ಮುಗ್ಧರು ಅಂತಲೂ ಅಲ್ಲ. ತಪ್ಪು ಯಾರದು ಅಂತ ಬರೆಯುವ ಮುನ್ನ ಅಳೆಯಿರಿ.

ಅಳೆಯುವುದಕ್ಕೆ ಮೊದಲ ವಸ್ತು ಸೈಕಲ್ಲೇ. ವಿಚಿತ್ರವೆಂದರೆ ಅದನ್ನೇ ಯಾರೂ ನೋಡುವುದಿಲ್ಲ. ನಿರೀಕ್ಷಕರು ಪರೀಕ್ಷಿಸುವುದು ಮೋಟಾರು ವಾಹನವನ್ನು. ಸೈಕಲ್ಲು ಠಾಣೆಯ ಹಿಂದೆ ಬೇವಿನ ಮರದಡಿ ಮಳೆಯಲ್ಲಿ ನೆನೆಯುತ್ತಾ ತುಕ್ಕು ಹಿಡಿಯುತ್ತದೆ. ಯಾವುದೇ ಸೈಕಲ್ ಶಾಪಿನವರನ್ನು ಕರೆದು ಹತ್ತು ನಿಮಿಷ ತೋರಿಸಿದರೆ ಅವರು ಹೇಳುವುದು ಇಷ್ಟು:

ಹಿಂದಿನ ಚಕ್ರ ಮಡಚಿ, ಹಿಂದಿನ ಮಡ್‌ಗಾರ್ಡ್ ಸೀಟಿನ ಕಡೆಗೆ ಒತ್ತಿಕೊಂಡು, ಕ್ಯಾರಿಯರ್ ಮುಂದಕ್ಕೆ ಬಾಗಿ, ಪೆಡಲ್ ಮತ್ತು ಕ್ರ್ಯಾಂಕ್ ನೆಟ್ಟಗೇ ಇದ್ದರೆ ಸವಾರ ಕಾರು ಹೋಗುತ್ತಿದ್ದ ದಿಕ್ಕಿಗೇ ನೇರ ಹೋಗುತ್ತಿದ್ದ, ಏಟು ಹಿಂದಿನಿಂದ ಬಿತ್ತು. ಅಲ್ಲಿ ‘ಅಡ್ಡ’ ಎಂಬ ಪದಕ್ಕೆ ಜಾಗವಿಲ್ಲ. ಸವಾರ ನಿಜಕ್ಕೂ ಎಡ ಅಂಚಿನಿಂದ ಹಠಾತ್ತನೆ ಬಲಕ್ಕೆ ತಿರುಗಿದ್ದರೆ ಹಿಂದಿನಿಂದ ಬರುವ ಕಾರಿಗೆ ಸೈಕಲ್ಲಿನ ಬಲ ಮಗ್ಗುಲು ಒಡ್ಡಿಕೊಳ್ಳುತ್ತದೆ. ಆಗ ಚೈನಿನ ಕಡೆಯ ಪೆಡಲ್ ಬೆಂಡಾಗುತ್ತದೆ, ಚೈನ್‌ವೀಲ್ ಒಳಗೆ ತಗ್ಗುತ್ತದೆ, ಸವಾರನ ಬಲಗಾಲು ಮುರಿಯುತ್ತದೆ. ಎಡಗಡೆಯ ಅಡ್ಡರಸ್ತೆಯಿಂದ ನುಗ್ಗಿ ಬಂದಿದ್ದರೂ ಏಟು ಇದೇ ಮಗ್ಗುಲಿಗೆ. ಬಲಗಡೆಯಿಂದ ರಸ್ತೆ ದಾಟುತ್ತಿದ್ದರೆ ಎಡಗಡೆಯ ಪೆಡಲ್, ಎಡಗಾಲು. ಪೂರ್ತಿ ತಿರುಗದೆ ಓರೆಯಲ್ಲಿದ್ದರೆ ಹಿಂದಿನ ಚಕ್ರವೂ ಚೈನಿನ ಮಗ್ಗುಲೂ ಎರಡೂ ಪೆಟ್ಟು ತಿಂದಿರುತ್ತವೆ, ಯಾವುದು ಹೆಚ್ಚು ಅಂತ ನೋಡಬೇಕು. ಮುಂದಿನ ಫೋರ್ಕ್ ಹಿಂದಕ್ಕೆ ಒತ್ತಿ ಫ್ರೇಮಿನ ಕೆಳಪೈಪಿಗೆ ಚಕ್ರ ತಾಗಿದ್ದರೆ ಸೈಕಲ್ಲು ತಾನಾಗಿ ಏನಕ್ಕೋ ಹೋಗಿ ಗುದ್ದಿದೆ. ಕಾರು ಓವರ್‌ಟೇಕ್ ಮಾಡಿದ ಮರುಕ್ಷಣವೇ ಎಡಕ್ಕೆ ತಿರುಗಿದಾಗ ಆಗುವುದು ಇದೇ. ಚಾಲಕರು ಆಗ ‘ಸೈಕಲ್ಲೇ ಬಂದು ನನ್ನ ಕಾರಿಗೆ ಗುದ್ದಿತು’ ಅನ್ನುತ್ತಾರೆ. ಮಾತು ಸುಳ್ಳಲ್ಲ, ಆದರೆ ಅರ್ಧ. ಕಾರಿನ ಎಡಬದಿಯ ಬಾಗಿಲಿನ ತಗ್ಗು ಉಳಿದ ಅರ್ಧವನ್ನು ಹೇಳುತ್ತದೆ.

ಒಂದು ಎಚ್ಚರಿಕೆ: ಸೈಕಲ್ಲು ಬಿದ್ದ ಮೇಲೆ ಅದರ ಮೇಲೆ ಚಕ್ರ ಹತ್ತಿರಬಹುದು, ಜನ ಎಳೆದು ಬದಿಗೆ ಹಾಕುವಾಗ ಇನ್ನಷ್ಟು ಮುರಿದಿರಬಹುದು. ಹತ್ತಿದ ಚಕ್ರ ಪೈಪನ್ನು ಚಪ್ಪಟೆ ಮಾಡುತ್ತದೆ, ಟೈರಿನ ಕಪ್ಪು ಗುರುತು ಬಿಡುತ್ತದೆ. ಬಂಪರ್ ಪೈಪನ್ನು ಬಾಗಿಸಿ ಬಣ್ಣ ಬಿಡುತ್ತದೆ. ಆ ಬಣ್ಣದ ಚೂರನ್ನು ಕಾಗದದ ಲಕೋಟೆಗೆ ಹಾಕಿ ಪಂಚರ ಸಹಿ ಮಾಡಿಸಿ.

ಕಾರಿನ ಮೇಲಿನ ಗುರುತೂ ಹೀಗೇ ಮಾತಾಡುತ್ತದೆ. ಎಡಗಡೆಯ ಕನ್ನಡಿ ಮಾತ್ರ ಮುರಿದು ಬಾನೆಟ್ ನುಣ್ಣಗಿದ್ದರೆ ಅದು ಒರೆಸಿಕೊಂಡು ಹೋದ ಓವರ್‌ಟೇಕ್. ಕಾರಿನ ಕನ್ನಡಿ, ಸೈಕಲ್ಲಿನ ಹ್ಯಾಂಡಲ್ ಎರಡೂ ನೆಲದಿಂದ ಹೆಚ್ಚುಕಡಿಮೆ ಒಂದು ಮೀಟರ್ ಎತ್ತರದಲ್ಲಿರುತ್ತವೆ. ಬಾನೆಟ್ ನಡುವೆ ತಗ್ಗು, ಗಾಜಿನ ನಡುವೆ ಜೇಡರ ಬಲೆ ಇದ್ದರೆ ಸವಾರ ಕಾರಿನ ಪೂರ್ತಿ ಎದುರಿಗೇ ಇದ್ದ, ಚಾಲಕನ ಕಣ್ಣು ರಸ್ತೆಯ ಮೇಲಿರಲಿಲ್ಲ ಎಂಬ ಅನುಮಾನಕ್ಕೆ ಮೊದಲ ಎಳೆ ಸಿಕ್ಕಿತು. ಫೋನಿನ ಕರೆ ದಾಖಲೆ ತರಿಸುವುದು ಆಗ. ಆರು ತಿಂಗಳ ಮೇಲೆ ಅಲ್ಲ.

‘ರಸ್ತೆ ಮಧ್ಯೆ ಹೊಡೀತಾ ಇದ್ದ’ ಎಂಬ ಇನ್ನೊಂದು ದೂರು ಬರುತ್ತದಲ್ಲ, ಅದಕ್ಕೆ ಒಂದು ಲೆಕ್ಕ. ನಮ್ಮ ರಸ್ತೆಯ ಒಂದು ಲೇನ್ ಸಾಮಾನ್ಯವಾಗಿ 3.5 ಮೀಟರ್. ಎಡ ಅಂಚಿನಲ್ಲಿ ಜಲ್ಲಿ, ಮರಳು, ಮೋರಿಯ ಜಾಲರಿ, ಡಾಂಬರು ಕಿತ್ತುಹೋದ ಕೊರಕಲು. ಸವಾರ ಅಂಚಿನಿಂದ ಮುಕ್ಕಾಲು ಮೀಟರ್ ಬಿಟ್ಟು ಓಡಿಸುತ್ತಾನೆ, ಓಡಿಸಲೇಬೇಕು. ಹ್ಯಾಂಡಲ್ಲಿನ ಅಗಲ 60 ಸೆಂಟಿಮೀಟರ್, ಅಂದರೆ ಅವನ ಬಲ ಮೊಣಕೈ ಅಂಚಿನಿಂದ 1.05 ಮೀಟರ್ ದೂರದಲ್ಲಿದೆ. ಸೈಕಲ್ಲು ಓಡುವಾಗ ತುಸು ಓಲಾಡುತ್ತದೆ, ಅದನ್ನು ಸದ್ಯಕ್ಕೆ ಬಿಡೋಣ. ಪಕ್ಕದಲ್ಲಿ ಒಂದು ಮೀಟರ್ ಅಂತರ ಬಿಟ್ಟರೆ 2.05. ಕನ್ನಡಿ ಸೇರಿ ಕಾರಿನ ಅಗಲ ಹತ್ತಿರಹತ್ತಿರ 2 ಮೀಟರ್. ಒಟ್ಟು 4 ಮೀಟರ್ ದಾಟಿತು. ಅದೇ ಲೇನಿನೊಳಗೆ ಉಳಿದು ಸುರಕ್ಷಿತವಾಗಿ ಓವರ್‌ಟೇಕ್ ಮಾಡುವುದಕ್ಕೆ ಜಾಗವೇ ಇಲ್ಲ, ಸವಾರ ಎಷ್ಟೇ ಮರ್ಯಾದೆಯಿಂದ ಎಡಕ್ಕೆ ಸರಿದಿದ್ದರೂ. ಕಾರು ಪಕ್ಕದ ಲೇನಿಗೆ ಹೋಗಬೇಕು, ಇಲ್ಲವೇ ಹಿಂದೆ ಕಾಯಬೇಕು. ಓವರ್‌ಟೇಕಿಗೆ ಇಷ್ಟೇ ಮೀಟರ್ ಬಿಡಬೇಕು ಅಂತ ನಮ್ಮಲ್ಲಿ ಅಂಕಿ ಹಾಕಿದ ಕಾನೂನಿಲ್ಲ, ನಿಜ. ಆದರೆ 2017ರ ಮೋಟಾರು ವಾಹನ ಚಾಲನಾ ನಿಯಮಾವಳಿಯಲ್ಲಿ ಪಾದಚಾರಿ, ಸೈಕಲ್ ಸವಾರ, ಮಕ್ಕಳು, ವೃದ್ಧರಂಥವರ ವಿಷಯದಲ್ಲಿ ಚಾಲಕ ವಿಶೇಷ ಎಚ್ಚರ ವಹಿಸಬೇಕು ಅಂತ ಬರೆದಿದೆ. ಆ ನಿಯಮವನ್ನು ಉಲ್ಲೇಖಿಸಿದ ದೋಷಾರೋಪಣ ಪಟ್ಟಿ ಹುಡುಕಿದರೂ ಸಿಗುವುದು ಕಷ್ಟ.

ಇನ್ನು ವೇಗ. ಅಂಕಿ ಬೇಕು ಅಂದೆವು, ಎಲ್ಲಿಂದ ತರುವುದು? ಮೊದಲಿನಂತೆ ಬ್ರೇಕಿನ ಕಪ್ಪು ಗೆರೆ ಸಿಗುವುದು ಅಪರೂಪ. 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆಲ್ಲ ಎಬಿಎಸ್ ಕಡ್ಡಾಯ, ಅದಿದ್ದರೆ ಚಕ್ರ ಕಚ್ಚಿಕೊಂಡು ಜಾರುವುದಿಲ್ಲ. ಹಾಗಾಗಿ ‘ಬ್ರೇಕ್ ಗುರುತು ಇಲ್ಲ, ಆದ್ದರಿಂದ ಬ್ರೇಕ್ ಹಾಕಿಲ್ಲ’ ಅಂತಲೂ ಬರೆಯಬೇಡಿ, ಅದು ಚಾಲಕನಿಗೆ ಅನ್ಯಾಯ. ಹಳೆಯ ಗಾಡಿಯ ಗೆರೆ ಸಿಕ್ಕರೆ ಅಳೆಯಿರಿ. ಒಣ ಡಾಂಬರಿನ ಮೇಲೆ 12 ಮೀಟರ್ ಗೆರೆ ಎಳೆದು ನಿಂತ ಕಾರು, ಟೈರು-ರಸ್ತೆಯ ಘರ್ಷಣೆಯ ಗುಣಾಂಕ 0.7 ಅಂತ ಹಿಡಿದರೆ, ಗೆರೆ ಶುರುವಾಗುವಾಗ ಕನಿಷ್ಠ ಗಂಟೆಗೆ 46 ಕಿಲೋಮೀಟರ್ ವೇಗದಲ್ಲಿತ್ತು.

ಗೆರೆ ಇಲ್ಲದಿದ್ದರೆ ಸಿಸಿಟಿವಿ. ಇಲ್ಲಿ ಎಡವುವುದು ಮೂರು ಕಡೆ. ಅಂಗಡಿಯ ಡಿವಿಆರ್ (ಕ್ಯಾಮೆರಾದ ದೃಶ್ಯ ದಾಖಲಿಸುವ ಪೆಟ್ಟಿಗೆ) ಒಂದು ವಾರದಿಂದ ಒಂದು ತಿಂಗಳೊಳಗೆ ಹಳೆಯದನ್ನು ಅಳಿಸಿಕೊಂಡು ಹೊಸದನ್ನು ಬರೆದುಕೊಳ್ಳುತ್ತದೆ. ‘ಹಬ್ಬ ಮುಗಿಸಿಕೊಂಡು ಹೋಗೋಣ’ ಅಂದರೆ ಮುಗಿಯಿತು. ಎರಡನೆಯದು, ಮೊಬೈಲಿನಲ್ಲಿ ಪರದೆಯ ವಿಡಿಯೊ ಹಿಡಿದುಕೊಂಡು ಬರುವುದು. ಅದರಲ್ಲಿ ಫ್ರೇಮ್ ಎಣಿಸಲಾಗದು. ಮೂಲ ಫೈಲೇ ಬೇಕು, ಜತೆಗೆ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರ, ಅದರಲ್ಲಿ ಹ್ಯಾಶ್ ಸಂಖ್ಯೆ, ಅಂದರೆ ಫೈಲನ್ನು ಆಮೇಲೆ ತಿದ್ದಿಲ್ಲ ಅಂತ ತಾಳೆ ನೋಡುವ ಗುರುತು. ಮೂರನೆಯದು, ಡಿವಿಆರ್‌ನ ಗಡಿಯಾರ ತಪ್ಪಿರುತ್ತದೆ. ನಿಮ್ಮ ಫೋನಿನ ಸಮಯಕ್ಕೂ ಅದಕ್ಕೂ ಎಷ್ಟು ವ್ಯತ್ಯಾಸ ಅಂತ ಅಲ್ಲೇ ನಿಂತು ಬರೆದುಕೊಳ್ಳಿ. ಆಮೇಲೆ ಲೆಕ್ಕ ಸುಲಭ: ದೃಶ್ಯದಲ್ಲಿ ಕಾಣುವ ಎರಡು ಕಂಬಗಳ ನಡುವೆ ಟೇಪು ಹಿಡಿದರೆ 20 ಮೀಟರ್. ಸೆಕೆಂಡಿಗೆ 25 ಫ್ರೇಮಿನ ಕ್ಯಾಮೆರಾದಲ್ಲಿ ಕಾರಿನ ಮುಂದಿನ ಚಕ್ರ ಆ ದೂರ ದಾಟಲು 30 ಫ್ರೇಮ್ ತೆಗೆದುಕೊಂಡಿದೆ. ಅಂದರೆ 1.2 ಸೆಕೆಂಡ್, ಗಂಟೆಗೆ 60 ಕಿಲೋಮೀಟರ್. ಕ್ಯಾಮೆರಾ 25ರದ್ದೋ 12ರದ್ದೋ ಅಂತ ಸೆಟ್ಟಿಂಗ್‌ನಲ್ಲಿ ನೋಡದೆ ಲೆಕ್ಕ ಹಾಕಿದರೆ ಉತ್ತರ ದುಪ್ಪಟ್ಟಾಗುತ್ತದೆ.

ವೇಗ ಗೊತ್ತಾದರೆ ‘ಅಡ್ಡ ಬಂದ’ ಎಂಬ ಮಾತನ್ನೂ ತೂಗಬಹುದು. ಅಪಾಯ ಕಂಡು ಬ್ರೇಕಿಗೆ ಕಾಲು ಹೋಗಲು ಒಂದೂವರೆ ಸೆಕೆಂಡ್ ಅಂತಿಟ್ಟುಕೊಂಡರೆ, ಒಣ ರಸ್ತೆಯಲ್ಲಿ ಕಾರು ಪೂರ್ತಿ ನಿಲ್ಲಲು 30ರ ವೇಗದಲ್ಲಿ ಸುಮಾರು 18 ಮೀಟರ್ ಬೇಕು, 50ರಲ್ಲಿ 35, 60ರಲ್ಲಿ 45, 80ರಲ್ಲಿ 69. ಶಾಲೆಯ ಮುಂದಿನ ರಸ್ತೆಯಲ್ಲಿ ಹುಡುಗ 25 ಮೀಟರ್ ದೂರದಲ್ಲಿ ರಸ್ತೆಗಿಳಿದ ಅಂತಿಟ್ಟುಕೊಳ್ಳಿ. 30ರಲ್ಲಿ ಬರುತ್ತಿದ್ದವನು ನಿಲ್ಲುತ್ತಾನೆ, 50ರಲ್ಲಿ ಬರುತ್ತಿದ್ದವನು ಗುದ್ದುತ್ತಾನೆ. ಹುಡುಗ ಎರಡೂ ಸಲ ಅಡ್ಡ ಬಂದಿದ್ದಾನೆ!

ರಾತ್ರಿಯ ಅಪಘಾತಗಳಲ್ಲಿ ಸವಾರರ ತಪ್ಪು ಹೆಚ್ಚಾಗಿ ಸಿಗುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಹಿಂದೆ ದೀಪವಿಲ್ಲ, ರಿಫ್ಲೆಕ್ಟರಿಗೆ ಕೆಸರು ಮೆತ್ತಿದೆ, ಬಟ್ಟೆ ಕಪ್ಪು. ಹಾಲು ಹಾಕುವವರು, ಮೊದಲ ಪಾಳಿಗೆ ಹೋಗುವ ಕಾರ್ಮಿಕರು ಕತ್ತಲಲ್ಲೇ ಹೊರಡುವವರು. ಅದರ ಜತೆಗೇ ಇದನ್ನೂ ಇಟ್ಟು ನೋಡಿ: ಡಿಮ್ ಹೆಡ್‌ಲೈಟಿನಲ್ಲಿ ಕಪ್ಪು ಬಟ್ಟೆಯ ಮನುಷ್ಯ ಕಾಣುವುದು 40 ಮೀಟರ್ ಆಸುಪಾಸು. 80ರಲ್ಲಿ ಹೋಗುವವನಿಗೆ ನಿಲ್ಲಲು 69 ಮೀಟರ್ ಬೇಕು. ಅವನ ಎದುರು ಸೈಕಲ್ಲಲ್ಲ, ಮಲಗಿದ ಎಮ್ಮೆ ಇದ್ದರೂ ಅಷ್ಟೇ.

ಸೈಕಲ್ಲಿಗೆ ಬ್ಯಾಟರಿ ದೀಪ ಇದ್ದರೆ ಸ್ಥಳದಲ್ಲೇ ಅದು ಉರಿಯುತ್ತಿತ್ತೋ ಇಲ್ಲವೋ ನೋಡಿ, ಸ್ವಿಚ್ ಮುಟ್ಟುವ ಮುನ್ನ ಫೋಟೊ ತೆಗೆಯಿರಿ. ಠಾಣೆಗೆ ಬಂದ ಎರಡು ದಿನಕ್ಕೆ ಬ್ಯಾಟರಿ ಸತ್ತು ‘ದೀಪ ಉರಿಯುತ್ತಿರಲಿಲ್ಲ’ ಅಂತ ದಾಖಲಾಗುತ್ತದೆ. ಅನುಮಾನ ಇದ್ದರೆ ಮರುದಿನ ರಾತ್ರಿ ಅದೇ ಹೊತ್ತಿಗೆ ಅದೇ ಜಾಗದಲ್ಲಿ ಒಂದು ಸೈಕಲ್ ನಿಲ್ಲಿಸಿ, 100 ಮೀಟರ್ ಹಿಂದಿನಿಂದ ಡಿಮ್ ಲೈಟಿನಲ್ಲಿ ಕಾರನ್ನು ನಿಧಾನಕ್ಕೆ ತನ್ನಿ. ಕಂಡ ಜಾಗಕ್ಕೆ ಸುಣ್ಣದ ಗುರುತು ಹಾಕಿ. ಸೈಕಲ್ ಇದೆ ಅಂತ ಮೊದಲೇ ಗೊತ್ತಿರುವ ಕಣ್ಣಿಗೆ ಅದು ಬೇಗ ಕಾಣುತ್ತದೆ, ಗೊತ್ತಿಲ್ಲದ ಚಾಲಕನಿಗೆ ಇನ್ನೂ ತಡವಾಗಿ. ಈ ಮಾತನ್ನೂ ಮಹಜರಿನಲ್ಲಿ ಸೇರಿಸಿ.

ಹೇಳಿಕೆ ಬರೆದುಕೊಳ್ಳುವಾಗ ನಮ್ಮ ಭಾಷೆಯೇ ಒಂದು ಆಟ ಆಡುತ್ತದೆ. ‘ನನಗೆ ಕಾಣಿಸಲಿಲ್ಲ’ ಅಂದರೆ ತಪ್ಪು ಕಾಣದ ವಸ್ತುವಿನದು. ‘ನಾನು ನೋಡಲಿಲ್ಲ’ ಅಂದರೆ ತಪ್ಪು ನೋಡದವನದು. ಚಾಲಕರು ಯಾವಾಗಲೂ ಮೊದಲನೆಯದನ್ನೇ ಹೇಳುತ್ತಾರೆ, ಬರೆದುಕೊಳ್ಳುವವರೂ ಅದನ್ನೇ ಬರೆಯುತ್ತಾರೆ. ಮುಂದಿನ ಪ್ರಶ್ನೆ ಕೇಳಿ: ಕಾಣಿಸದಿರಲು ಏನು ಅಡ್ಡವಿತ್ತು? ತಿರುವು, ನಿಂತ ಬಸ್ಸು, ಮುಂಜಾನೆಯ ಎದುರು ಬಿಸಿಲು? ಬಿಸಿಲು ಅಂದರೆ ದಿಕ್ಕು ಮತ್ತು ಗಂಟೆ ಬರೆಯಿರಿ. ಬೆಳಿಗ್ಗೆ ಏಳಕ್ಕೆ ಪಶ್ಚಿಮಕ್ಕೆ ಹೋಗುತ್ತಿದ್ದವನ ಕಣ್ಣಿಗೆ ಎದುರು ಬಿಸಿಲು ಹೊಡೆಯುವುದಿಲ್ಲ. ಹೊಡೆದಿದ್ದರೂ ಕಣ್ಣು ಕಟ್ಟಿದಾಗ ವೇಗ ಇಳಿಸಿದ್ದನೇ ಅನ್ನುವುದು ಅದರ ಮುಂದಿನ ಪ್ರಶ್ನೆ. ಸಾಕ್ಷಿಗಳಿಗೂ ‘ಸ್ಪೀಡಾಗಿ ಬಂತಾ?’ ಅಂತ ಕೇಳಬೇಡಿ, ಎಲ್ಲರೂ ಹೌದು ಅನ್ನುತ್ತಾರೆ. ಬ್ರೇಕಿನ ಸದ್ದು ಗುದ್ದುವ ಮೊದಲು ಕೇಳಿತೋ ಆಮೇಲೋ, ಹಾರ್ನ್ ಆಯಿತೋ, ನೀವು ತಿರುಗಿ ನೋಡಿದ್ದು ಸದ್ದು ಕೇಳಿದ ಮೇಲಲ್ಲವೇ ಅಂತ ಕೇಳಿ. ಸದ್ದು ಕೇಳಿ ತಿರುಗಿದವರು ‘ಅಡ್ಡ ಬಂದದ್ದನ್ನು’ ನೋಡಿರಲು ಸಾಧ್ಯವಿಲ್ಲ.

ಹೆಲ್ಮೆಟ್ ವಿಷಯ ಒಂದೇ ಮಾತಿನಲ್ಲಿ ಮುಗಿಸುತ್ತೇವೆ. ಮೋಟಾರು ವಾಹನ ಕಾಯ್ದೆಯ ಕಲಂ 129 ಬೈಕಿಗೆ, ಸೈಕಲ್ಲಿಗಲ್ಲ. ಯುರೋಪಿನ ಇಎನ್ 1078 ಮಾನದಂಡದಲ್ಲಿ ಸೈಕಲ್ ಹೆಲ್ಮೆಟ್ಟನ್ನು ಚಪ್ಪಟೆ ಕಬ್ಬಿಣದ ಮೇಲೆ ಬೀಳಿಸಿ ಪರೀಕ್ಷಿಸುವ ವೇಗ ಗಂಟೆಗೆ ಸುಮಾರು 20 ಕಿಲೋಮೀಟರ್. ಹಾಕಿಕೊಳ್ಳಿ ಅಂತ ನಾವೇ ಹೇಳುತ್ತೇವೆ, ಬಿದ್ದಾಗ ತಲೆ ಉಳಿಸುತ್ತದೆ. ಆದರೆ ಅದು ಡಿಕ್ಕಿಯ ಕಾರಣದ ಕಾಲಂನಲ್ಲಿ ಬರೆಯುವ ಸಂಗತಿಯಲ್ಲ. 2020ರಲ್ಲಿ ಸುಪ್ರೀಂ ಕೋರ್ಟ್ ಮೂವರು ಕುಳಿತಿದ್ದ ಬೈಕಿನ ಪ್ರಕರಣದಲ್ಲಿ ಇದೇ ತತ್ವ ಹೇಳಿತು. ನಿಯಮ ಮುರಿದದ್ದಕ್ಕೂ ಅಪಘಾತಕ್ಕೂ ಅಥವಾ ಗಾಯಕ್ಕೂ ಕಾರಣದ ಕೊಂಡಿ ತೋರಿಸದೆ ಸಹ-ನಿರ್ಲಕ್ಷ್ಯ ಹೊರಿಸಲಾಗದು. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಯಲ್ಲಿ 2023ರ ಆಗಸ್ಟ್ 1ರಿಂದ ಸೈಕಲ್ಲಿನಂಥ ಮೋಟಾರಿಲ್ಲದ ವಾಹನಗಳಿಗೆ ಪ್ರವೇಶವಿಲ್ಲ. ಅಲ್ಲಿ ಹೊಕ್ಕ ಸವಾರನದು ನಿಯಮಭಂಗ, ಸರಿ. ಆದರೂ ನೇರ ರಸ್ತೆಯಲ್ಲಿ, ಹಗಲಿನಲ್ಲಿ, ಹಿಂದಿನಿಂದ ಗುದ್ದಿದ ಕಾರಿನ ಪ್ರಶ್ನೆ ಹಾಗೇ ಉಳಿಯುತ್ತದೆ.

ಇನ್ನೊಂದು ಬಗೆ ಲೆಕ್ಕಕ್ಕೇ ಬರುವುದಿಲ್ಲ. ಎಡಬದಿಗೆ ನಿಲ್ಲಿಸಿದ ಕಾರಿನ ಚಾಲಕ ಹಿಂದೆ ನೋಡದೆ ಬಾಗಿಲು ತೆರೆಯುತ್ತಾನೆ. ಸವಾರನ ಎಡ ಹ್ಯಾಂಡಲ್ ಬಾಗಿಲಿಗೆ ತಗುಲಿ ಅವನು ಬಲಕ್ಕೆ ಬೀಳುತ್ತಾನೆ, ಹಿಂದೆ ಬಂದ ಟೆಂಪೊ ಹತ್ತುತ್ತದೆ. ಎಫ್ಐಆರ್ ಟೆಂಪೊ ಮೇಲೆ. ಬಾಗಿಲು ತೆರೆದ ಕಾರು ಅಷ್ಟರಲ್ಲಿ ಮನೆ ಸೇರಿರುತ್ತದೆ. ಇದು ಇಬ್ಬರ ಕೂಡು-ನಿರ್ಲಕ್ಷ್ಯ. 2015ರ ಸುಪ್ರೀಂ ಕೋರ್ಟ್ ತೀರ್ಪಿನಂತೆ ಸಂತ್ರಸ್ತ ಇಬ್ಬರಲ್ಲಿ ಯಾರಿಂದ ಬೇಕಾದರೂ ಪೂರ್ತಿ ಪರಿಹಾರ ಪಡೆಯಬಹುದು. ಆದರೆ ಅದಕ್ಕೆ ಆ ಕಾರು ಅಲ್ಲಿತ್ತು ಅಂತ ಯಾರಾದರೂ ಬರೆದಿರಬೇಕಲ್ಲ.

ಇಷ್ಟೆಲ್ಲ ಹೊಸ ಕೆಲಸ ಅಂತ ಅನ್ನಿಸಿದರೆ, ಹೊಸದಲ್ಲ. 2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಕೇಂದ್ರ ಮೋಟಾರು ವಾಹನ ನಿಯಮಗಳ ತಿದ್ದುಪಡಿಯ ಪ್ರಕಾರ ತನಿಖಾಧಿಕಾರಿ 48 ಗಂಟೆಯೊಳಗೆ ಮೊದಲ ವರದಿಯನ್ನು ನ್ಯಾಯಮಂಡಳಿಗೆ ಕಳಿಸಬೇಕು, 90 ದಿನದೊಳಗೆ ವಿವರ ವರದಿ. ಸ್ಥಳದ ನಕ್ಷೆ ಅಳತೆಗೆ ತಕ್ಕ ಪ್ರಮಾಣದಲ್ಲಿರಬೇಕು, ರಸ್ತೆಯ ಅಗಲ, ವಾಹನ ಮತ್ತು ಮನುಷ್ಯರು ಇದ್ದ ಜಾಗ ಎಲ್ಲ ಅದರಲ್ಲಿ ಬರಬೇಕು. ಕಡತಗಳಲ್ಲಿ ಸಿಗುವುದು ಕಚ್ಚಾ ನಕ್ಷೆ: ಎರಡು ಗೆರೆ, ಒಂದು ಗುಣಿಸು ಗುರುತು, ‘ಉತ್ತರ’ ಅಂತ ಒಂದು ಬಾಣ. 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇಂಥದ್ದಕ್ಕೇ. ಅಪಘಾತದ ಮೇಲೆ ವಾಹನ ನಿಂತ ಜಾಗವನ್ನು ಮಹಜರಿನಲ್ಲಿ ತೋರಿಸಿದಮಾತ್ರಕ್ಕೆ ಯಾರ ನಿರ್ಲಕ್ಷ್ಯವೂ ಸಾಬೀತಾಗದು.

ವಿಧಿವಿಜ್ಞಾನದವರು ಬರುತ್ತಾರೆ ಅಂತ ಕಾಯುವಂತೆಯೂ ಇಲ್ಲ. ನಾಗರಿಕ ಸುರಕ್ಷಾ ಸಂಹಿತೆಯ ಕಲಂ 176(3) ಅವರ ಭೇಟಿಯನ್ನು ಕಡ್ಡಾಯ ಮಾಡಿರುವುದು 7 ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಗಳಿಗೆ. ನಿರ್ಲಕ್ಷ್ಯದಿಂದ ಸಾವು, ಅಂದರೆ ನ್ಯಾಯ ಸಂಹಿತೆಯ ಕಲಂ 106(1)ಕ್ಕೆ ಗರಿಷ್ಠ 5 ವರ್ಷ. ಮನುಷ್ಯ ಸತ್ತರೂ ಸ್ಥಳ ಅಳೆಯುವ ಹೊಣೆ ಠಾಣೆಯ ಸಿಬ್ಬಂದಿಯದೇ.

ಹಾಗಾಗಿ ಪ್ರತಿ ಗಸ್ತು ವಾಹನದಲ್ಲಿ ಇಷ್ಟು ಇರಲಿ: 30 ಮೀಟರ್ ಟೇಪು, ಸೀಮೆಸುಣ್ಣ ಅಥವಾ ಸ್ಪ್ರೇ ಬಣ್ಣ, ಕಾಗದದ ಲಕೋಟೆ, ಟಾರ್ಚ್, ಫೋಟೊದಲ್ಲಿ ಪಕ್ಕಕ್ಕಿಡಲು ಒಂದು ಅಡಿಪಟ್ಟಿ. ಗಾಯಾಳುವನ್ನು ಆಸ್ಪತ್ರೆಗೆ ಕಳಿಸುವುದೇ ಮೊದಲ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಆಮೇಲೆ, ಸೈಕಲ್ಲು ಎತ್ತುವ ಮುನ್ನ, ಅದರ ಎರಡೂ ಚಕ್ರ ನೆಲಕ್ಕೆ ತಾಗಿದಲ್ಲಿ ಗುರುತು ಹಾಕಿ. ಕಾರಿನ ನಾಲ್ಕು ಚಕ್ರಕ್ಕೆ, ಸವಾರ ಬಿದ್ದ ಜಾಗಕ್ಕೆ, ಡಾಂಬರಿನ ಮೇಲೆ ಲೋಹ ಕೆರೆದ ಗೆರೆ ಶುರುವಾಗುವಲ್ಲಿಗೆ, ಕಾರಿನ ಅಡಿಯಿಂದ ಉದುರಿದ ಮಣ್ಣಿನ ರಾಶಿಗೂ ಹಾಕಿ. ಗುದ್ದಿದ ಬಿಂದು ಸಾಮಾನ್ಯವಾಗಿ ಆ ಮಣ್ಣಿನ ಹತ್ತಿರವೇ ಇರುತ್ತದೆ, ಗಾಜಿನ ಚೂರು ಅದಕ್ಕಿಂತ ಮುಂದೆ ಚೆಲ್ಲಿರುತ್ತದೆ. ಒಂದೊಂದು ಗುರುತಿಗೂ ಎರಡು ಅಲುಗದ ವಸ್ತುಗಳಿಂದ ಅಳತೆ ಬರೆಯಿರಿ, ಒಂದು ವಿದ್ಯುತ್ ಕಂಬ, ಒಂದು ಮೈಲಿಗಲ್ಲು. ಎರಡು ಅಳತೆ ಇದ್ದರೆ ಐದು ವರ್ಷ ಬಿಟ್ಟೂ ಆ ಬಿಂದುವನ್ನು ಕಾಗದದ ಮೇಲೆ ಮತ್ತೆ ಹಿಡಿಯಬಹುದು, ಒಂದೇ ಇದ್ದರೆ ಆಗದು. ಕೆಲಸ ತಿಳಿದ ಇಬ್ಬರಿಗೆ ಇದು 20 ನಿಮಿಷದ್ದು.

ವೈದ್ಯರಿಗೂ ಒಂದು ಕೋರಿಕೆ ಪತ್ರ ಹೋಗಲಿ. ಗಾಯದ ಪ್ರಮಾಣಪತ್ರದಲ್ಲಿ ‘ಗಂಭೀರ ಸ್ವರೂಪ’ ಅಂತ ಬರೆದು ಬಿಡದೆ, ಕಾಲಿನ ಮೂಳೆ ಮುರಿದದ್ದು ಯಾವ ಕಾಲು, ಹಿಮ್ಮಡಿಯಿಂದ ಎಷ್ಟು ಸೆಂಟಿಮೀಟರ್ ಎತ್ತರ, ಏಟು ಹಿಂದಿನಿಂದಲೋ ಪಕ್ಕದಿಂದಲೋ ಅಂತ ಬರೆಯಲಿ. ಬಂಪರಿನ ಎತ್ತರವನ್ನು ಅದರ ಪಕ್ಕಕ್ಕಿಟ್ಟು ನೋಡುವುದು ನಿಮ್ಮ ಕೆಲಸ.

ವಾಹನ ನಿರೀಕ್ಷಕರ ನಮೂನೆಗೆ ‘ಸೈಕಲ್’ ಅಂತ ಒಂದು ಪುಟ ಸೇರಿಸಿ. ಎರಡೂ ಬ್ರೇಕು, ಬ್ರೇಕ್ ರಬ್ಬರು, ದೀಪ, ರಿಫ್ಲೆಕ್ಟರು, ಪೆಟ್ಟು ಬಿದ್ದ ಮಗ್ಗುಲು, ಬಾಗಿದ ದಿಕ್ಕು, ನಾಲ್ಕು ಬದಿಯ ಫೋಟೊ. ಅದು ತುಂಬುವ ತನಕ ಸೈಕಲ್ಲನ್ನು ಮನೆಯವರಿಗೆ ಒಪ್ಪಿಸಬೇಡಿ, ಗುಜರಿಗೂ ಹೋಗಗೊಡಬೇಡಿ, ಮಳೆಗೂ ಬಿಡಬೇಡಿ. ಮತ್ತು ಎಫ್ಐಆರ್‌ನಲ್ಲಿ ‘ಅತಿವೇಗ’ ಎಂಬ ಪದದ ಪಕ್ಕ, ದೋಷಾರೋಪಣ ಪಟ್ಟಿಯ ಹೊತ್ತಿಗಾದರೂ, ಒಂದು ಅಂಕಿ ಮತ್ತು ಆ ಅಂಕಿ ಎಲ್ಲಿಂದ ಬಂತು ಎಂಬ ಒಂದು ಸಾಲು ಇಲ್ಲದಿದ್ದರೆ ಕಡತವನ್ನು ಮೇಲಧಿಕಾರಿಗಳು ವಾಪಸು ಕಳಿಸಲಿ.

ಈ ಪುಟದ ಕರಡನ್ನು, ಬೆಂಡಾದ ಚಕ್ರಗಳ ಚಿತ್ರಗಳ ಸಮೇತ, ಸಿದ್ಧಪಡಿಸಿ ಕೊಡಲು ನಾವು ತಯಾರಿದ್ದೇವೆ. ಠಾಣೆಗೆ ಬಂದು ಒಂದು ಮಧ್ಯಾಹ್ನ ಸಿಬ್ಬಂದಿಗೆ ತೋರಿಸಿಕೊಡಲೂ ಬರುತ್ತೇವೆ. ಹಳೆಯ ಎರಡು ಸೈಕಲ್ಲು ನಾವೇ ತರುತ್ತೇವೆ.

ವಂದನೆಗಳೊಂದಿಗೆ,

ಸೈಕಲ್ ಮೆಕ್ಯಾನಿಕ್‌ಗಳು, ರಸ್ತೆ ಎಂಜಿನಿಯರ್‌ಗಳು ಮತ್ತು ಅಪಘಾತ ಪರಿಹಾರ ಪ್ರಕರಣಗಳ ವಕೀಲರು